ಸರಿಯಪ್ಪನ ಬಿಲ್ಲೆಗಳು

ಸರಿಯಪ್ಪ ಹೇಡಿ. ಇದನ್ನು ಮೊದಲೇ ಹೇಳಿ ಮುಗಿಸುವುದು ಒಳ್ಳೆಯದು. ಇಲ್ಲವಾದರೆ ಅವನ ಗರಿಗರಿ ಅಂಗಿ, ಜೇಬಿನಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದ ಮೂರು ಪೆನ್ನು, ಗೆರೆ ಹೊಡೆದಂತೆ ಬಾಚಿದ ಬೈತಲೆ ಇವನ್ನೆಲ್ಲ ನೋಡಿ ಓದುವವರು ಮೋಸಹೋದಾರು. ಬೆಂಕಿ, ಎತ್ತರ, ಕುದಿಯುವ ಹಬೆ ಯಾವುದಕ್ಕೂ ಅವನು ಹೆದರಿದ್ದನ್ನು ಯಾರೂ ಕಂಡಿಲ್ಲ. ಅಣು ವಿದ್ಯುತ್ ಸ್ಥಾವರದಲ್ಲಿ ಮೂವತ್ತೊಂದು ವರ್ಷ ದುಡಿದವನು ಅಂಥವಕ್ಕೆಲ್ಲ ಹೆದರುತ್ತಿದ್ದರೆ ಎಂದೋ ಮನೆ ಸೇರಬೇಕಾಗಿತ್ತು. ಅವನು ಹೆದರುತ್ತಿದ್ದುದು ಮೂರೇ ಮೂರು ಅಕ್ಷರಕ್ಕೆ: ತಪ್ಪಾಯ್ತು. ಆ ಮಾತು ಅವನ ಬಾಯಿಂದ ಹೊರಟದ್ದನ್ನು ಕೇಳಿದವರು ಸ್ಥಾವರದಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಕಾಲು ತುಳಿದು, ಅವಳು ಕಿರುಚಿದಾಗ, “ಕಾಲು ಅಲ್ಲಿರಬಾರದಿತ್ತು” ಎಂದು ವಿವರಣೆ ಕೊಟ್ಟ ಮಹಾನುಭಾವ.

ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಹಾಜರಿ ಪುಸ್ತಕ ಬಿಟ್ಟರೆ ಅದಕ್ಕೆ ಬಳಕೆ ಇರಲಿಲ್ಲ. ಸರಿಯಪ್ಪ ಎಂಬ ಹೆಸರು ಬಂದದ್ದು ಕಂಟ್ರೋಲ್ ರೂಮಿನ ಒಂದು ನಿಯಮದಿಂದ. ಅಲ್ಲಿ ಯಾರಾದರೂ ಆಜ್ಞೆ ಕೊಟ್ಟರೆ ಕೇಳಿದವನು ಅದನ್ನು ಅಕ್ಷರಶಃ ತಿರುಗಿ ಹೇಳಬೇಕು. ಹೇಳಿದ್ದು ಹೊಂದಿದರೆ ಕೊಟ್ಟವನು ‘ಸರಿ’ ಅನ್ನಬೇಕು. ಅಲ್ಲಿಯವರೆಗೆ ಯಾರ ಕೈಯೂ ಅಲ್ಲಾಡುವಂತಿಲ್ಲ. ಈ ನಿಯಮಕ್ಕೆ ಒಂದು ಚರಿತ್ರೆ ಇದೆ. ಸ್ಥಾವರ ಹೊಸದಾಗಿದ್ದಾಗ ಯಾರೋ ಒಬ್ಬ ಫಿಟ್ಟರಿಗೆ “ಆ ವಾಲ್ವ್ ತೆಗಿ” ಎಂದರಂತೆ. ತಿರುಗಿಸಿ ನೀರು ಬಿಡು ಎಂಬುದು ಹೇಳಿದವರ ಅರ್ಥ. ಫಿಟ್ಟರು ಅದರ ಎಂಟೂ ಬೋಲ್ಟು ಬಿಚ್ಚಿ, ವಾಲ್ವನ್ನು ಹೆಗಲ ಮೇಲೆ ಹೊತ್ತು ತಂದು, ದೊಡ್ಡ ಸಾಹೇಬರ ಮೇಜಿನ ಮೇಲಿಟ್ಟು, “ಇನ್ನೇನು ತೆಗೀಬೇಕು ಹೇಳಿ” ಎಂದನಂತೆ. ಅಂದಿನಿಂದ ಸ್ಥಾವರದಲ್ಲಿ ‘ತೆಗಿ’ ಎಂಬ ಮಾತಿಗೆ ಬಹಿಷ್ಕಾರ. ಏನಿದ್ದರೂ ‘ತೆರೆ’, ‘ಮುಚ್ಚು’, ತಿರುಗಿ ಹೇಳು, ಸರಿ.

ಉಳಿದವರು ಈ ನಿಯಮವನ್ನು ಪಾಳಿ ಮುಗಿದ ಮೇಲೆ ಬಾಯ್ಲರ್ ಸೂಟಿನ ಜೊತೆಗೆ ಕಳಚಿ ಗೇಟಿನಲ್ಲೇ ಬಿಟ್ಟು ಹೋಗುತ್ತಿದ್ದರು. ಸರಿಯಪ್ಪ ಅದನ್ನು ಮನೆಗೆ ತಂದ. “ರೀ, ಒಲೆ ಆರಿಸಿ” ಎಂದು ಹೆಂಡತಿ ಹೇಳಿದರೆ “ಒಲೆ ಆರಿಸ್ತೀನಿ” ಎಂದು ಒಲೆಯ ಗುಂಡಿಯ ಮೇಲೆ ಕೈಯಿಟ್ಟು, ಅವಳು ‘ಸರಿ’ ಅನ್ನುವವರೆಗೆ ಕಾಯುತ್ತ ನಿಲ್ಲುತ್ತಿದ್ದ. ಒಂದು ಬೆಳಿಗ್ಗೆ ಅವಳು ಹಾಗೆ ಹೇಳಿ ಸ್ನಾನಕ್ಕೆ ಹೋದಳು. ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಎರಡು ಲೀಟರ್ ಹಾಲು ಉಕ್ಕಿ, ಹರಿದು, ನೆಲದ ಮೇಲೆ ಕೆನೆ ಕಟ್ಟಿತ್ತು. ಗುಂಡಿಯ ಮೇಲೆ ಕೈಯಿಟ್ಟುಕೊಂಡು ಗಂಡ ಅದನ್ನು ಗಮನವಿಟ್ಟು ನೋಡುತ್ತಿದ್ದ.

“ನೀನು ಸರಿ ಅನ್ನಲಿಲ್ಲ,” ಎಂದ.

ಲಾಗ್ ಪುಸ್ತಕದ ವಿಷಯದಲ್ಲಂತೂ ಅವನು ದಂತಕಥೆಯೇ ಆಗಿದ್ದ. ಕಂಟ್ರೋಲ್ ರೂಮಿನಲ್ಲಿ ನಡೆದದ್ದೆಲ್ಲ ಆ ಪುಸ್ತಕಕ್ಕೆ ಏರಬೇಕು. ಅಲ್ಲಿ ರಬ್ಬರಿಗೆ ಪ್ರವೇಶವಿಲ್ಲ, ಹಾಳೆ ಹರಿಯುವಂತಿಲ್ಲ. ಬರೆದದ್ದು ತಪ್ಪಾದರೆ ಅದರ ಮೇಲೆ ಸ್ಕೇಲಿಟ್ಟು ಒಂದು ಗೀಟು ಎಳೆಯಬೇಕು. ಕೆಳಗಿನ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ಸಹಿ ಮತ್ತು ತಾರೀಖು ಇರಬೇಕು. ಎಂಥ ನಿಪುಣರ ಪುಟದಲ್ಲೂ ತಿಂಗಳಿಗೆ ನಾಲ್ಕು ಗೀಟು ಬೀಳುತ್ತಿತ್ತು. ಸರಿಯಪ್ಪನ ಸಹಿ ಇರುವ ಗೀಟು ಮೂವತ್ತೊಂದು ವರ್ಷದಲ್ಲಿ ಒಂದೂ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಅವನು ಇಡೀ ವಾಕ್ಯವನ್ನು ತುಟಿ ಅಲ್ಲಾಡಿಸಿ ಹೇಳಿಕೊಳ್ಳುತ್ತಿದ್ದ. ಪಕ್ಕದವರು ಅವನು ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು.

ಸೊಟ್ಟಗಿರುವುದೇನಾದರೂ ಕಂಡರೆ ಅವನ ಕೈ ತಡೆಯುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರು, ಬಾಗಿಲಿನ ಕಾಲೊರಸು, ಯಾರದೋ ಕಾಲರು, ಎಲ್ಲವನ್ನೂ ನೇರ ಮಾಡುತ್ತಿದ್ದ. ಕೈಗೆ ಗೊತ್ತಾದ ಮೇಲೆ ತಲೆಗೆ ಗೊತ್ತಾಗುತ್ತಿತ್ತು. ಈ ಒಂದು ಚಾಳಿಯಿಂದಲೇ ಅವನ ಭಾಮೈದನಿಗೆ ಹನ್ನೊಂದು ವರ್ಷ ಗ್ರಹಚಾರ ಕೆಟ್ಟದ್ದು.

ಸ್ಥಾವರ ಮುದಿಯಾಗಿತ್ತು. ನಲವತ್ತು ವರ್ಷಕ್ಕೆಂದು ಕಟ್ಟಿದ್ದು, ಈಗ ಮೂವತ್ತೊಂಬತ್ತು ವರ್ಷ ಹತ್ತು ತಿಂಗಳು. ವಯಸ್ಸಾದವರ ಮೈಯಂತೆ ಅದಕ್ಕೂ ದಿನಕ್ಕೊಂದು ಕಡೆ ನೋವು. ಪೈಪುಗಳ ಗೋಡೆ ಎಷ್ಟು ಸವೆದಿದೆ ಎಂದು ಆಸ್ಪತ್ರೆಯ ಸ್ಕ್ಯಾನಿಂಗಿನಂತೆ ಜೆಲ್ ಬಳಿದು ಅಳೆಯಬೇಕು, ರಬ್ಬರು ಒಣಗುವ ಮೊದಲು ಬದಲಿಸಬೇಕು, ಉಷ್ಣತೆಯ ಗೆರೆ ಬರೆಯುವ ಯಂತ್ರಕ್ಕೆ ಕೆಂಪು ಶಾಯಿ ಹುಡುಕಬೇಕು. ಆ ಯಂತ್ರ ಮಾಡಿದ ಕಂಪನಿ ಮುಚ್ಚಿ, ಅದರ ಮಾಲೀಕರು ಸತ್ತು, ಅವರ ಮಕ್ಕಳು ಬಿಸ್ಕತ್ತಿನ ವ್ಯಾಪಾರಕ್ಕಿಳಿದಿದ್ದರು. ಕಂಟ್ರೋಲ್ ರೂಮಿನ ಫಲಕದ ಮೇಲೆ ಒಂದು ದೀಪ ಮನಸ್ಸು ಬಂದಾಗ ಉರಿಯುತ್ತಿತ್ತು. ಅದರ ಕೆಳಗೆ ಯಾರೋ ಚೀಟಿ ಅಂಟಿಸಿದ್ದರು: ‘ಇದರ ಮಾತು ಕೇಳಬೇಡಿ’. ನಕ್ಷೆಗಳೂ ಅಷ್ಟೇ. ಕಟ್ಟುವಾಗ ಎಲ್ಲೆಲ್ಲಿ ನಕ್ಷೆ ಒಂದು ಹೇಳಿ ಮೇಸ್ತ್ರಿ ಇನ್ನೊಂದು ಮಾಡಿದ್ದನೋ ಅದೆಲ್ಲ ಹಳಬರ ತಲೆಯಲ್ಲಿ ಮಾತ್ರ ಇತ್ತು. ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗಿ ತಲೆಯನ್ನೂ ಜೊತೆಗೇ ಒಯ್ಯುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ನೆಲಮಾಳಿಗೆಯ ವಾಲ್ವುಗಳ ಮೇಲೆ ಬಣ್ಣದಲ್ಲಿ ಬರೆದಿದ್ದ ನಂಬರುಗಳು ಮಾಸಿಹೋದವು. ಉಕ್ಕಿನ ಹೊಸ ಬಿಲ್ಲೆಗಳು ಬಂದವು, ಒಟ್ಟು ಇನ್ನೂರ ಹದಿನಾಲ್ಕು. ಅವನ್ನು ತಂತಿಯಿಂದ ಕಟ್ಟುವ ಕೆಲಸ ಸರಿಯಪ್ಪನಿಗೆ ಬಿತ್ತು. ಬೇರೆ ಯಾರಿಗೆ ಬೀಳುತ್ತದೆ? ಅವನು ಮೂರು ವಾರ ಮಂಡಿಯೂರಿ, ಪ್ರತಿ ಬಿಲ್ಲೆಯನ್ನೂ ನೆಲಕ್ಕೆ ಸಮಾಂತರವಾಗಿ ತೂಗುಹಾಕಿದ.

ಏಳು-ಎ, ಏಳು-ಬಿ ಎಂದು ಎರಡು ವಾಲ್ವು. ಎಡಕ್ಕೊಂದು ನೀರಿನ ಟ್ಯಾಂಕು, ಬಲಕ್ಕೊಂದು. ಎಡದ ಟ್ಯಾಂಕು ‘ಎ’, ಬಲದ್ದು ‘ಬಿ’. ಅವನ್ನು ಖಾಲಿ ಮಾಡುವ ವಾಲ್ವುಗಳು ಗೋಡೆಯ ಈಚೆಗೆ ಅಕ್ಕಪಕ್ಕ ಕೂತಿದ್ದವು. ಮಾಸಿದ ಬಣ್ಣವನ್ನು ಟಾರ್ಚು ಹಾಕಿ ಓದಿದರೆ ಎಡದ ವಾಲ್ವಿನ ಮೇಲೆ ‘ಬಿ’, ಬಲದ್ದರ ಮೇಲೆ ‘ಎ’. ಬಣ್ಣ ಬಳಿದವನು ಆ ದಿನ ಕುಡಿದು ಬಂದಿದ್ದಾನೆ ಎಂದು ಸರಿಯಪ್ಪ ತೀರ್ಮಾನಿಸಿದ. ಎಡದ್ದಕ್ಕೆ ‘ಎ’, ಬಲದ್ದಕ್ಕೆ ‘ಬಿ’ ಕಟ್ಟಿ, ಲೋಕದ ಒಂದು ಸೊಟ್ಟವನ್ನು ತಿದ್ದಿದ ತೃಪ್ತಿಯಲ್ಲಿ ಟೀ ಕುಡಿಯಲು ಹೋದ.

ಬಣ್ಣ ಬಳಿದವನು ಕುಡಿದಿರಲಿಲ್ಲ. ಗೋಡೆಯ ಹಿಂದೆ ಒಂದು ಕಾಂಕ್ರೀಟ್ ತೊಲೆ ಅಡ್ಡ ಬಂದದ್ದರಿಂದ ಕಟ್ಟಿದವರು ಎರಡು ಪೈಪುಗಳನ್ನೂ ಒಂದರ ಮೇಲೊಂದು ದಾಟಿಸಿದ್ದರು. ಎಡದ ವಾಲ್ವು ಬಲದ ಟ್ಯಾಂಕಿನದು.

ನಾಲ್ಕು ತಿಂಗಳ ನಂತರ ಎಡದ ಟ್ಯಾಂಕಿನ ರಿಪೇರಿ ಬಂತು. ನೆಲಮಾಳಿಗೆಯ ಪಾಳಿಯಲ್ಲಿದ್ದವನು ಸರಿಯಪ್ಪನ ಹೆಂಡತಿಯ ತಮ್ಮ. ಆಗಿನ್ನೂ ಅವನಿಗೆ ಅಡ್ಡಹೆಸರು ಇರಲಿಲ್ಲ. ಫೋನಿನಲ್ಲಿ ಆಜ್ಞೆ ಕೊಟ್ಟವನು ಸರಿಯಪ್ಪನೇ.

“ಏಳು-ಎ ತೆರೆ.”

“ಏಳು-ಎ ತೆರೀತೀನಿ.”

“ಸರಿ.”

ಭಾಮೈದ ಬಿಲ್ಲೆ ಓದಿ ಎಡದ ವಾಲ್ವು ತೆರೆದ. ಬಲದ ಟ್ಯಾಂಕು ಬರಿದಾಯಿತು. ಆ ನೀರಿನಿಂದ ತಣ್ಣಗಿರಬೇಕಾಗಿದ್ದ ದೊಡ್ಡ ಪಂಪು ಕಾದು ತಾನಾಗಿ ನಿಂತಿತು. ಪಂಪು ನಿಂತದ್ದನ್ನು ಕಂಡು ರಿಯಾಕ್ಟರು ತಾನೂ ನಿಂತಿತು. ಆ ದಿನ ಕಲಿಸಿದ್ದನ್ನು ಸರಿಯಾಗಿ ಮಾಡಿದ್ದು ಅದೊಂದೇ. ಯಾರಿಗೂ ಏನೂ ಆಗಲಿಲ್ಲ. ಅದು ಶುದ್ಧ ನೀರು. ಚರಂಡಿ ಕಟ್ಟಿಕೊಂಡು ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನಿಂತು, ಯಾರದೋ ಪ್ಲಾಸ್ಟಿಕ್ ಕುರ್ಚಿ ಅದರಲ್ಲಿ ಗಂಭೀರವಾಗಿ ತೇಲಾಡಿತು. ಸ್ಥಾವರ ಒಂಬತ್ತು ದಿನ ಬಂದ್ ಆಯಿತು.

ರಬ್ಬರ್ ಬೂಟು ಹಾಕಿಕೊಂಡು ಮೊದಲು ಕೆಳಗಿಳಿದವನು ಸರಿಯಪ್ಪ. ಗೋಡೆಯ ಸಂದಿಯಲ್ಲಿ ಟಾರ್ಚು ಬಿಟ್ಟ. ಪೈಪುಗಳು ದಾಟುವುದು ಕಂಡಿತು. ಆಮೇಲೆ ನಡೆದದ್ದನ್ನು ಅವನು ಎಷ್ಟು ಸಲ ನೆನೆಸಿಕೊಂಡರೂ ನಡುವೆ ಯೋಚನೆ ಎಂಬುದು ಎಲ್ಲೂ ಸಿಗುತ್ತಿರಲಿಲ್ಲ. ಸೊಟ್ಟಗಿದ್ದದ್ದು ಕಂಡಿತು, ಕೈ ನೇರ ಮಾಡಿತು. ತಂತಿ ಬಿಚ್ಚಿ, ಬಿಲ್ಲೆ ಅದಲುಬದಲು ಮಾಡಿ, ತಂತಿ ಹೊಸೆದದ್ದು ಮೂರು ನಿಮಿಷದ ಕೆಲಸ. ಮೇಲೆ ಬಂದಾಗ ಪಾಳಿಯ ಸಾಹೇಬರು ಏದುಸಿರು ಬಿಡುತ್ತ ಕೇಳಿದರು, “ಬಿಲ್ಲೆ ನೋಡಿದ್ರೇನ್ರೀ? ಸರಿ ಇವೆಯಾ?”

“ಸರಿ ಇವೆ,” ಎಂದ ಸರಿಯಪ್ಪ.

ಲಾಗ್ ಪುಸ್ತಕದಲ್ಲೂ ಬರೆದ: ‘ಏಳು-ಎ, ಏಳು-ಬಿ ಬಿಲ್ಲೆ ಪರಿಶೀಲಿಸಿದೆ. ಸರಿ ಇವೆ.’ ಬರೆದ ಗಳಿಗೆಯಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಹನ್ನೊಂದು ವರ್ಷ ಅವನು ನೆಚ್ಚಿಕೊಂಡಿದ್ದು ಆ ನಿಜವನ್ನೇ.

ವಿಚಾರಣೆಯಲ್ಲಿ ಭಾಮೈದ ಹೇಳಿದ, “ನಾನು ತೆರೆದದ್ದು ಎಡದ್ದು. ಅದರ ಮೇಲೆ ಎ ಅಂತಾನೇ ಇತ್ತು.” ಎಲ್ಲರೂ ಹೋಗಿ ನೋಡಿದರು. ಎಡದ್ದರ ಮೇಲೆ ‘ಬಿ’ ಇತ್ತು. ಒಬ್ಬರು ಅವನ ಬಲಗೈ ತೋರಿಸಿ, “ಇದು ಯಾವ ಕೈ ಹೇಳಪ್ಪ” ಎಂದರು. ಹೆದರಿ ಬೆವರುತ್ತಿದ್ದವನು “ಎಡ” ಎಂದುಬಿಟ್ಟ. ಅಷ್ಟು ಸಾಕಾಯಿತು. ಕಡತದಲ್ಲಿ ‘ಎಡಬಲ ತಿಳಿಯದು’ ಎಂಬ ಸಾಲು ಸೇರಿತು, ಹೆಸರಿನ ಜಾಗದಲ್ಲಿ ‘ಉಲ್ಟಾ’ ಸೇರಿತು. ಅವನನ್ನು ಲಾಂಡ್ರಿಗೆ ಹಾಕಿದರು. ಅಲ್ಲಿ ಕೆಲಸವೆಂದರೆ ಎಲ್ಲರ ಬಾಯ್ಲರ್ ಸೂಟುಗಳನ್ನು ಒಳಮೈ ಹೊರಗೆ ಮಾಡಿ ಒಗೆಯುವುದು. ಅಂದರೆ ದಿನವಿಡೀ ಉಲ್ಟಾ ಮಾಡುವುದು. ಸ್ಥಾವರದವರು ಇದನ್ನು ನೆನೆಸಿಕೊಂಡು ಎರಡು ವರ್ಷ ನಕ್ಕರು.

ಈಗ, ಹನ್ನೊಂದು ವರ್ಷದ ಮೇಲೆ, ಒಂದು ಭಾನುವಾರ ಉಲ್ಟಾ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಾಗದ ಇಟ್ಟುಕೊಂಡು ಅಕ್ಕನ ಮನೆಗೆ ಬಂದ.

“ಭಾವ, ಒಂದು ಅರ್ಜಿ ಹಾಕಿದೀನಿ.”

“ಒಂದು ಅರ್ಜಿ ಹಾಕಿದೀಯ,” ಎಂದ ಸರಿಯಪ್ಪ.

“ಸರಿ. ಲಾಂಡ್ರಿ ಬಿಟ್ಟು ವಾಪಸ್ ನೆಲಮಾಳಿಗೆಗೆ ಹಾಕಿ ಅಂತ.”

“ಲಾಂಡ್ರಿ ಬಿಟ್ಟು ವಾಪಸ್...”

“ಅಯ್ಯೋ, ನಿಲ್ಸಿ ಇಬ್ರೂ!” ಎಂದಳು ಹೆಂಡತಿ, ಅಡಿಗೆಮನೆಯಿಂದ. “ಗುಹೆ ಒಳಗೆ ಸಂಸಾರ ಮಾಡಿದ ಹಾಗಾಗಿದೆ ನನಗೆ. ಏನು ಹೇಳಿದ್ರೂ ಎರಡೆರಡು ಸಲ ಕೇಳುತ್ತೆ.”

ಉಲ್ಟಾ ನಕ್ಕ. “ನೆಲಮಾಳಿಗೆ ಗೊತ್ತಿರೋರು ಈಗ ಯಾರೂ ಇಲ್ವಂತೆ ಭಾವ. ಹೊಸಬರು ಪರದೆ ನೋಡ್ಕೊಂಡು ಕೂರ್ತಾರೆ, ವಾಲ್ವು ತೋರಿಸಿದ್ರೆ ಕೈಮುಗೀತಾರೆ. ನನಗಿನ್ನೂ ಮೂರು ವರ್ಷ ಸರ್ವಿಸ್ ಇದೆ. ಅಷ್ಟಾದ್ರೂ ಕೆಳಗೆ ಕಳೀಬೇಕು ಅಂತ. ಹನ್ನೊಂದು ವರ್ಷದಿಂದ ಜನರ ಜೇಬು ತಡಕಿ ತಡಕಿ ಸಾಕಾಗಿದೆ. ನಿಮ್ಮ ಸಾಹೇಬರ ಜೇಬಲ್ಲಿ ವಾರಕ್ಕೊಂದ್ಸಲ ಬಿಸ್ಕತ್ತಿನ ಚೂರು ಸಿಗುತ್ತೆ, ಗೊತ್ತಾ? ಒಳಗೆ ಯಾರೂ ತಿನ್ನಬಾರದು ಅನ್ನೋ ಬೋರ್ಡಿನ ಕೆಳಗೆ ಸಹಿ ಮಾಡಿರೋದು ಅವರೇ.”

“ನನ್ನಿಂದ ಏನಾಗಬೇಕು?”

“ಆ ದಿನ ಪಾಳಿಯಲ್ಲಿದ್ದವರು ಒಂದು ಕಲಂ ತುಂಬಬೇಕಂತೆ. ‘ಅಂದಿನ ಘಟನೆಯ ಕಾರಣ’ ಅಂತ ಇದೆ ನೋಡಿ. ‘ಆಗ ಗಾಬರಿಯಿಂದ ಆಗಿತ್ತು, ಈಗ ಸುಧಾರಿಸಿದಾನೆ’ ಅಂತ ಏನಾದ್ರೂ ಬರೀರಿ. ಸುಳ್ಳೇನಲ್ಲ. ಈಗ ನಾನು ಹುಷಾರಾಗಿದೀನಿ.” ಅವನು ಎಡಗೈ ಎತ್ತಿ ತೋರಿಸಿದ. ಮಣಿಕಟ್ಟಿನ ಕೆಳಗೆ ನೀಲಿ ಶಾಯಿಯ ಒಂದು ಚುಕ್ಕಿ ಇತ್ತು.

ಹೆಂಡತಿ ಒರೆಸುವ ಬಟ್ಟೆ ಹಿಡಿದು ಬಾಗಿಲಿಗೆ ಬಂದಳು. “ಅದನ್ನ ಇನ್ನೂ ಹಾಕ್ಕೊಳ್ತೀಯೇನೋ?”

“ದಿನಾ ಬೆಳಿಗ್ಗೆ. ಇಲ್ಲದೇ ಹೋದ್ರೆ ಚಪ್ಪಲಿ ಮೆಟ್ಟೋಕೂ ಅನುಮಾನ ಬರುತ್ತಕ್ಕ. ನನ್ನ ತಲೇಲೇ ಏನೋ ವೈರಿಂಗ್ ಉಲ್ಟಾ ಆಗಿದೆ. ಆವತ್ತು ಆಣೆ ಮಾಡಿ ಹೇಳ್ತಿದ್ದೆ, ಬಿಲ್ಲೆ ಮೇಲೆ ಎ ಇತ್ತು ಅಂತ. ನನ್ನ ಕಣ್ಣಿಗೆ ಕಂಡಿತ್ತು ನೋಡು. ಇಲ್ಲದ್ದು ಕಾಣೋದು ಅಂದ್ರೆ ಅದೇ.”

ಸರಿಯಪ್ಪ ಎದ್ದು ಗೋಡೆಯ ಕ್ಯಾಲೆಂಡರನ್ನು ನೇರ ಮಾಡಿದ. ಅದು ನೇರವಾಗೇ ಇತ್ತು. “ನೋಡೋಣ,” ಎಂದ. ಮರುದಿನ ಅರ್ಜಿಯನ್ನು ಕಂಟ್ರೋಲ್ ರೂಮಿನ ತನ್ನ ಡ್ರಾಯರಿನಲ್ಲಿ, ಅಂಚಿಗೆ ಅಂಚು ಹೊಂದಿಸಿ ಇಟ್ಟ. ಸೋಮವಾರ, ಮಂಗಳವಾರ ಅದು ಅಲ್ಲೇ ಇತ್ತು.

ಬುಧವಾರ ಸಾಹೇಬರು ಓಡಿಬಂದರು. ಸ್ಥಾವರಕ್ಕೆ ಇನ್ನೂ ಹತ್ತು ವರ್ಷದ ಪರವಾನಗಿ ಕೊಡಬೇಕೇ ಬೇಡವೇ ಎಂದು ನೋಡಲು ಬಂದಿದ್ದ ಇನ್ಸ್‌ಪೆಕ್ಟರ್ ಮೇಡಂ ಎರಡು ವಾರದಿಂದ ಅವರ ನಿದ್ದೆ ಕೆಡಿಸಿದ್ದರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಟೀ ಕೊಟ್ಟರೆ ಕುಡಿಯುತ್ತಿರಲಿಲ್ಲ, ಹೊಗಳಿದರೆ ಕೇಳಿಸುತ್ತಿರಲಿಲ್ಲ.

“ನಾಳೆ ಹನ್ನೊಂದಕ್ಕೆ ನೆಲಮಾಳಿಗೆಗೆ ಇಳೀತಾರಂತೆ,” ಎಂದರು ಸಾಹೇಬರು. “ಅವರೇ ಇಪ್ಪತ್ತು ಬಿಲ್ಲೆ ಆರಿಸಿ ಪೈಪು ಹಿಡಿದು ನೋಡ್ತಾರಂತೆ. ಒಂದು ತಪ್ಪಿದ್ರೂ ಇನ್ನೂರ ಹದಿನಾಲ್ಕೂ ಮೊದಲಿಂದ ನೋಡಬೇಕು. ಎರಡು ತಿಂಗಳ ಕೆಲಸ. ಅಷ್ಟರಲ್ಲಿ ಪರವಾನಗಿ ಮುಗಿದು ನಾವೆಲ್ಲ ಗೇಟಿನ ಹೊರಗೆ ನಿಂತು ಪರಸ್ಪರ ಮುಖ ನೋಡ್ಕೋಬೇಕು.”

“ಹೂಂ.”

“ನೀವು ಕಟ್ಟಿದ ಬಿಲ್ಲೆ ಅಂದ್ಮೇಲೆ ನನಗೇನೂ ಚಿಂತೆ ಇಲ್ಲ ಬಿಡಿ. ಆದ್ರೂ ಇವತ್ತೇ ಒಂದ್ಸಲ ಇಳಿದು ನೋಡ್ಕೊಂಡು ಬನ್ನಿ. ಎಲ್ಲಾದ್ರೂ ಒಂದು ಚೂರು ಸೊಟ್ಟಗಿದ್ರೆ...” ಸಾಹೇಬರು ಗಾಳಿಯಲ್ಲಿ ಎರಡು ಬೆರಳಿನಿಂದ ಏನನ್ನೋ ನೇರ ಮಾಡಿ ತೋರಿಸಿದರು. “ನಿಮಗೆ ಹೇಳಿಕೊಡಬೇಕಾ?”

ಊಟದ ಹೊತ್ತು ಮುಗಿದ ಮೇಲೆ ಸರಿಯಪ್ಪ ಪಟ್ಟಿ, ಟಾರ್ಚು, ಕಟಿಂಗ್ ಪ್ಲೇಯರು ತೆಗೆದುಕೊಂಡು ಕೆಳಗಿಳಿದ. ಎಲ್ಲ ಕಡೆ ಹೋಗುವ ಅಗತ್ಯ ಅವನಿಗಿರಲಿಲ್ಲ. ಹೋಗಬೇಕಾದ್ದು ಒಂದೇ ಕಡೆಗೆ. ಆ ಕಾಂಕ್ರೀಟ್ ತೊಲೆ ಏಳರ ಹಿಂದೆ ಮುಗಿಯುವುದಿಲ್ಲ, ಗೋಡೆಯುದ್ದಕ್ಕೂ ಹೋಗಿ ಇನ್ನೊಂದು ಜೋಡಿ ಟ್ಯಾಂಕುಗಳ ಮೂವತ್ತೊಂದು-ಎ, ಮೂವತ್ತೊಂದು-ಬಿ ವಾಲ್ವುಗಳ ಹಿಂದೆಯೂ ಹಾಯುತ್ತದೆ; ಅಲ್ಲೂ ಅವನು ಎಡದ್ದಕ್ಕೇ ‘ಎ’ ಕಟ್ಟಿದ್ದ. ಇದು ಅವನಿಗೆ ನೀರು ನಿಂತ ಆ ದಿನವೇ ಹೊಳೆದಿತ್ತು. ಅದಕ್ಕೇ ಹನ್ನೊಂದು ವರ್ಷ ಆ ಮೂಲೆಗೆ ಕಾಲಿಟ್ಟಿರಲಿಲ್ಲ. ನೋಡಿದರೆ ತಾನೇ ತಪ್ಪು? ಆ ವಾಲ್ವುಗಳನ್ನು ತೆರೆಯುವ ಪ್ರಸಂಗ ಅಷ್ಟು ವರ್ಷದಲ್ಲಿ ಬಂದಿರಲಿಲ್ಲ. ಮುಂದಿನ ತಿಂಗಳ ರಿಪೇರಿ ಪಟ್ಟಿಯಲ್ಲಿ ಬಂದಿತ್ತು.

ಮಂಡಿಯೂರಿದ. ಮಂಡಿ ಲಟಕ್ಕೆಂದಿತು. ಸಂದಿಯಲ್ಲಿ ಟಾರ್ಚು ಬಿಟ್ಟ. ಎರಡು ಪೈಪುಗಳು ತೊಲೆಯ ಕೆಳಗೆ ಒಂದನ್ನೊಂದು ಆರಾಮವಾಗಿ ದಾಟಿಕೊಂಡು ಹೋಗುತ್ತಿದ್ದವು.

ಅವನ ಕೈಯಲ್ಲಿ ಆಗಲೇ ಪ್ಲೇಯರು ಇತ್ತು. ತಂತಿಯ ಒಂದು ಸುತ್ತು ಬಿಚ್ಚಿಯೂ ಆಗಿತ್ತು. ಬಿಲ್ಲೆ ಬದಲಿಸುವಾಗ ಇಬ್ಬರಿರಬೇಕೆಂದು ನಿಯಮ: ಒಬ್ಬ ಓದಬೇಕು, ಇನ್ನೊಬ್ಬ ತಿರುಗಿ ಹೇಳಬೇಕು. ಮೂವತ್ತೊಂದು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿತು: “ಮೂವತ್ತೊಂದು-ಎ ಬಿಚ್ಚುತ್ತಿದೀನಿ.”

ಯಾರೂ ತಿರುಗಿ ಹೇಳಲಿಲ್ಲ. ಎಲ್ಲೋ ಒಂದು ಪಂಪು ಗುಂಯ್‌ಗುಡುತ್ತಿತ್ತು. ಸರಿಯಪ್ಪನ ಕೈ ತಂತಿಯ ಮೇಲೇ ನಿಂತಿತು. ಹಿಂದೊಮ್ಮೆ ಹಾಲು ಉಕ್ಕುವುದನ್ನು ನೋಡುತ್ತ ನಿಂತಿದ್ದನಲ್ಲ, ಹಾಗೆಯೇ ನಿಂತ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಬಿಚ್ಚಿದ್ದ ಸುತ್ತನ್ನು ಮತ್ತೆ ಬಿಗಿದು, ಎದ್ದು, ಗೋಡೆಯ ಫೋನು ಎತ್ತಿದ.

“ಲಾಂಡ್ರಿ.”

“ನಾನು.”

“ಭಾವ? ಅಕ್ಕನಿಗೆ ಏನಾಯ್ತು?”

“ಅಕ್ಕನಿಗೇನಾಗಿಲ್ಲ. ಕೆಳಗೆ ಬಾ. ಮೂವತ್ತೊಂದರ ಹತ್ತಿರ.”

“ಕೆಳಗೆ ಬರ್ತೀನಿ, ಮೂವತ್ತೊಂದರ ಹತ್ತಿರ. ಆದ್ರೆ ಭಾವ, ನನಗೆ ಅಲ್ಲಿಗೆ ಬರೋಕೆ ಅನುಮತಿ ಇಲ್ಲ.”

“ಸರಿ.”

“ಸರಿ ಅಂದ್ರೆ ಬರೋದಾ, ಬರಬಾರದಾ?”

“ಬಾರೋ!”

ಉಲ್ಟಾ ಬಂದ. ಅವನೇ ಒಗೆದ ಬಾಯ್ಲರ್ ಸೂಟು, ಕೈಗವಸು, ಕಾಲಿಗೆ ಎರಡು ಸೈಜು ದೊಡ್ಡ ಬೂಟು. ವಾಲ್ವುಗಳನ್ನು ಕಂಡವನು ಕೈ ಹಿಂದೆ ಕಟ್ಟಿಕೊಂಡು ನಿಂತ.

“ಈ ಎಡದ್ದರ ಪೈಪು ಹಿಡ್ಕೊಂಡು ಹೋಗು,” ಎಂದ ಸರಿಯಪ್ಪ. “ಯಾವ ಟ್ಯಾಂಕಿಗೆ ಹೋಗುತ್ತೆ ಹೇಳು.”

“ಎಡದ್ದರ ಪೈಪು ಹಿಡ್ಕೊಂಡು ಹೋಗ್ತೀನಿ.” ಉಲ್ಟಾ ಕೈಗವಸಿನ ಅಂಚು ಮಡಚಿ ಚುಕ್ಕಿ ನೋಡಿಕೊಂಡ. ಎಡ ಯಾವುದೆಂದು ಖಾತ್ರಿ ಮಾಡಿಕೊಂಡು, ಸಂದಿಯಲ್ಲಿ ಪಕ್ಕೆ ಉಜ್ಜಿಕೊಂಡು ಒಳಗೆ ನುಸುಳಿದ. ಸ್ವಲ್ಪ ಹೊತ್ತಿಗೆ ಗೋಡೆಯ ಹಿಂದಿನಿಂದ ಮಾತು ಬಂತು. “ತೊಲೆ ಕೆಳಗೆ ದಾಟ್ತಿದೆ ಭಾವ. ಎಡದ್ದು ಬಲದ ಟ್ಯಾಂಕಿಗೆ... ಇಲ್ಲ, ತಡೀರಿ. ನಾನೇ ತಪ್ಪಿರಬೇಕು.”

ಹೊರಗೆ ಬಂದ, ಚುಕ್ಕಿ ನೋಡಿದ, ಮತ್ತೆ ಒಳಗೆ ಹೋದ. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಬಂದಾಗ ಮುಖ ಸೋತುಹೋಗಿತ್ತು. ತಲೆಯ ಮೇಲೆ ಮೂವತ್ತೊಂಬತ್ತು ವರ್ಷದ ಜೇಡರ ಬಲೆ ಇತ್ತು.

“ನನ್ನ ತಲೆ ಕೆಟ್ಟಿದೆ ಭಾವ, ಬೇರೆ ಯಾರನ್ನಾದ್ರೂ ಕರೀರಿ. ಎಷ್ಟು ಸಲ ನೋಡಿದ್ರೂ ಎಡದ್ದು ಬಲಕ್ಕೇ ಹೋಗ್ತಿದೆ.”

“ಎಡದ್ದು ಬಲಕ್ಕೇ ಹೋಗ್ತಿದೆ,” ಎಂದ ಸರಿಯಪ್ಪ.

ಈಗ ‘ಸರಿ’ ಅನ್ನಬೇಕಾದವನು ಉಲ್ಟಾ. ಅವನು ಭಾವನ ಮುಖ ನೋಡಿದ, ವಾಲ್ವು ನೋಡಿದ, ಬಿಲ್ಲೆ ನೋಡಿದ. “ಹಾಗಾದ್ರೆ... ಬಿಲ್ಲೆ ಉಲ್ಟಾ ಇದೆ?”

“ಬಿಲ್ಲೆ ಉಲ್ಟಾ ಇದೆ. ಏಳರದ್ದೂ ಉಲ್ಟಾ ಇತ್ತು. ಕಟ್ಟಿದ್ದು ನಾನು. ಆವತ್ತು ನೀರಲ್ಲಿ ನಿಂತು ತಿರುಗಿಸಿ ಕಟ್ಟಿದ್ದೂ ನಾನು.”

ಉಲ್ಟಾ ಒಂದು ಪೈಪಿನ ಮೇಲೆ ಕೂತ. ಕೂರಬಾರದೆಂದು ಅಲ್ಲೇ ಬರೆದಿತ್ತು.

“ಸದ್ದಿಗೆ ಕೇಳಿಸ್ಲಿಲ್ಲ ಭಾವ. ಇನ್ನೊಂದ್ಸಲ ಹೇಳಿ.”

ಅಂಥ ಸದ್ದೇನೂ ಇರಲಿಲ್ಲ. ಸರಿಯಪ್ಪ ಇನ್ನೊಂದು ಸಲ, ಅದೇ ಮಾತುಗಳಲ್ಲಿ, ಅದೇ ಕ್ರಮದಲ್ಲಿ ಹೇಳಿದ.

“ಏಳರದ್ದೂ ಉಲ್ಟಾ ಇತ್ತು,” ಎಂದು ಉಲ್ಟಾ ನಿಧಾನವಾಗಿ ತಿರುಗಿ ಹೇಳಿದ. “ಕಟ್ಟಿದ್ದು ನೀವು. ತಿರುಗಿಸಿ ಕಟ್ಟಿದ್ದೂ ನೀವು.”

“ಸರಿ.”

ಉಲ್ಟಾ ಕೈಗವಸು ಕಿತ್ತು, ಹೆಬ್ಬೆರಳಿಗೆ ಎಂಜಲು ಹಚ್ಚಿ ಚುಕ್ಕಿ ಒರೆಸಲು ಬಾಯಿಯ ಹತ್ತಿರ ಕೈ ಒಯ್ದ.

“ಲೋ! ಇಲ್ಲಿ ಬಾಯಿಗೆ ಕೈ ಹಾಕಬಾರದು!” ಎಂದು ಸರಿಯಪ್ಪ ಗದರಿದ.

“ಹನ್ನೊಂದು ವರ್ಷ,” ಎಂದ ಉಲ್ಟಾ, ಕೈ ಕೆಳಗಿಳಿಸಿ. “ತಿರುವಿನಲ್ಲಿ ಯಾವ ಕಡೆ ಅಂತ ತಿಳೀದೆ ಸ್ಕೂಟರ್ ಬಿಟ್ಟೆ. ನನ್ನ ಹೆಂಡತಿ ನನ್ನನ್ನ ನಲ್ಲಿ ಮುಟ್ಟೋಕೂ ಬಿಡಲ್ಲ.”

“ಸ್ಕೂಟರ್ ಬಿಟ್ಟೆ...”

“ಇನ್ನೊಂದು ಮಾತು ತಿರುಗಿ ಹೇಳಿದ್ರೆ ಆ ಪ್ಲೇಯರಲ್ಲೇ ಹಾಕ್ತೀನಿ, ಭಾವ ಅಂತಾನೂ ನೋಡಲ್ಲ.” ಅವನು ಪೈಪಿನ ಮೇಲಿಂದ ಎದ್ದ. “ತಪ್ಪಾಯ್ತು ಅನ್ನಿ. ಒಂದ್ಸಲ ಅನ್ನಿ, ಸಾಕು.”

ಸರಿಯಪ್ಪನ ತುಟಿ ಅಲ್ಲಾಡಿತು. ಲಾಗ್ ಬರೆಯುವ ಮುಂಚೆ ಅಲ್ಲಾಡುವಂತೆಯೇ ಅಲ್ಲಾಡಿತು, ಮಾತು ಮಾತ್ರ ಹೊರಡಲಿಲ್ಲ. ಕೊನೆಗೆ, “ಮೇಲೆ ಹೋಗೋಣ ನಡಿ,” ಎಂದ. ಹೋಗುವ ಮುಂಚೆ ಎರಡೂ ವಾಲ್ವುಗಳಿಗೆ ‘ಮುಟ್ಟಬೇಡಿ’ ಎಂಬ ಕೆಂಪು ಚೀಟಿ ಕಟ್ಟಿದ. ಬಿಲ್ಲೆಗಳನ್ನು ಅವಿದ್ದಂತೆಯೇ, ಉಲ್ಟಾ ಆಗಿಯೇ ಬಿಟ್ಟ. ಮೆಟ್ಟಿಲ ಬುಡದಲ್ಲಿ ಒಮ್ಮೆ ತಿರುಗಿ ನೋಡಿದ. ಕೈಬೆರಳು ಆಡಿದವು. ಅವನ್ನು ಜೇಬಿಗೆ ತುರುಕಿಕೊಂಡ.

ಕಂಟ್ರೋಲ್ ರೂಮಿನಲ್ಲಿ ಸಾಹೇಬರು ಕಾಯುತ್ತಿದ್ದರು. “ಬಂದ್ರಾ? ಎಲ್ಲ ಸರಿ ಇದೆ ತಾನೇ?” ಆಮೇಲೆ ಬಾಗಿಲಲ್ಲಿ ಜೇಡರ ಬಲೆ ಹೊತ್ತು ನಿಂತವನನ್ನು ಕಂಡರು. “ಇವನ್ಯಾಕೆ ಇಲ್ಲಿ?”

ಸರಿಯಪ್ಪ ಗೋಡೆಯ ಬೀರು ತೆರೆದು ಹನ್ನೊಂದು ವರ್ಷದ ಹಿಂದಿನ ಲಾಗ್ ಪುಸ್ತಕ ಎಳೆದ. ಪುಟ ಹುಡುಕಬೇಕಾಗಲಿಲ್ಲ. ಕೈ ಹಾಕಿದಲ್ಲೇ ತೆರೆದುಕೊಂಡಿತು.

“ಸ್ಕೇಲಿದ್ಯಾ?” ಎಂದು ಕೇಳಿದ.

“ಸ್ಕೇಲಾ? ಯಾಕ್ರೀ?” ಎನ್ನುತ್ತಲೇ ಸಾಹೇಬರು ತಮ್ಮ ಮೇಜಿನಿಂದ ಒಂದು ಸ್ಕೇಲು ತಂದು ಕೊಟ್ಟರು. ಅದಕ್ಕೆ ಬಿಸ್ಕತ್ತಿನ ಪುಡಿ ಮೆತ್ತಿತ್ತು. ಸರಿಯಪ್ಪ ಅದನ್ನು ಅಂಗಿಗೆ ಒರೆಸಿ, ‘ಸರಿ ಇವೆ’ ಎಂಬ ಅಕ್ಷರಗಳ ಮೇಲೆ ಅಡ್ಡ ಇಟ್ಟು, ಪೆನ್ನಿನ ಮುಚ್ಚಳ ತೆಗೆದ. ಅರ್ಧ ಎಳೆಯುವಷ್ಟರಲ್ಲಿ ಕೈ ಬೆವತು ಸ್ಕೇಲು ಸರಿಯಿತು. ಗೀಟು ಕೊನೆಯಲ್ಲಿ ಮೇಲಕ್ಕೆ ಸೊಟ್ಟಗೆ ಹೋಯಿತು.

ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಪಕ್ಕದಲ್ಲಿ ಸಹಿ ಮಾಡಿ, ಆ ದಿನದ ತಾರೀಖು ಹಾಕಿ, ಪುಸ್ತಕವನ್ನು ಸಾಹೇಬರಿಗೆ ಓದಲು ಬರುವಂತೆ ತಿರುಗಿಸಿ ಇಟ್ಟ. ಆಮೇಲೆ ಡ್ರಾಯರು ಎಳೆದು ಭಾಮೈದನ ಅರ್ಜಿ ಹೊರಗೆ ತೆಗೆದ.